ಸರ್ವೇಯರ್ ಸಾಹೇಬರ ಮನೆಯ ವಾಲ್ವ್

"ಬೆಂಕಿ ಬೀಳಲಿ, ಕಳ್ಳ ನುಗ್ಗಲಿ, ನನ್ನ ಒಂದು ಕೂದಲೂ ಕೊಂಕೋದಿಲ್ಲ!" ಎಂದು ಸರ್ವೇಯರ್ ಸಾಹೇಬರು ಕನ್ನಡಿಯ ಮುಂದೆ ಘೋಷಿಸಿದರು. ಕೂದಲೂ ಅಷ್ಟೇನೂ ಉಳಿದಿರಲಿಲ್ಲ, ಆ ಮಾತು ಬೇರೆ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು.

ವಿಮಾ ಕಂಪನಿಯ ಪರವಾಗಿ ಊರವರ ನಷ್ಟ ಅಳೆಯುವುದು ಸಾಹೇಬರ ಕೆಲಸ. ಹಾಗಾಗಿ ಅವರ ಮನೆಯಲ್ಲಿ ಟಿವಿಯಿಂದ ಚಮಚದವರೆಗೆ ಎಲ್ಲಕ್ಕೂ ವಿಮೆ! ಕೆಳಗಿನ ಮನೆಯ ಟೈಲರಮ್ಮನ ಹೊಲಿಗೆ ಯಂತ್ರ ಸುಟ್ಟಾಗ ಮೆಟ್ಟಿಲ ಮೇಲೇ ನಿಲ್ಲಿಸಿ ಪಾಠ ಹೇಳಿದ್ದರು: "ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಬಿದ್ದವನನ್ನ ಎತ್ತೋದೇ ವಿಮೆ ಕಣಮ್ಮ. ಆದ್ರೆ ಬಾಯಿಬಿಟ್ಟು ಕೇಳ್ಬೇಕು. ಕ್ಲೇಮ್ ಹಾಕದೆ ಕೂತವರ ಮನೆಗೆ ಯಾರೂ ಬರಲ್ಲ!"

ಆ ದಿನ ಬೆಳಿಗ್ಗೆ ಅಡುಗೆಮನೆಯ ನಲ್ಲಿ ಅವರ ಕೈಗೇ ಕಿತ್ತು ಬಂತು. ನೀರು ಚಿಮ್ಮಿ ಸೂರಿಗೆ ಬಡಿಯಿತು! ಬಟ್ಟೆ ತುರುಕಿದರು, ಅದು ಹಾರಿತು. ಅಂಗೈ ಒತ್ತಿದರು, ನೀರು ನೇರ ಮುಖಕ್ಕೆ. ವಾಲ್ವ್ ಮುಚ್ಚಬೇಕು, ಸರಿ. ಎಲ್ಲಿದೆ ವಾಲ್ವ್? ಪಾಲಿಸಿಯ ಹದಿನಾಲ್ಕನೇ ಪುಟದ ಷರತ್ತು ಬಾಯಿಪಾಠ, ಸ್ವಂತ ಮನೆಯ ವಾಲ್ವ್ ಗೊತ್ತಿಲ್ಲ! "ಏ, ವಾಲ್ವ್ ಎಲ್ಲೇ?" ಎಂದು ಅಭ್ಯಾಸಬಲದಿಂದ ಕೂಗಿಯೂಬಿಟ್ಟರು. ಯಾರೂ ಓಗೊಡಲಿಲ್ಲ. ಅವರಿಗೆ ಅಳು ಬಂದಂತಾಯಿತು.

ಒದ್ದೆ ಕೈಯಲ್ಲೇ ಕಂಪನಿಗೆ ಫೋನ್ ಮಾಡಿದರು.

"ಗಾಬರಿಯಾಗ್ಬೇಡಿ ಸಾರ್, ಈಗಲೇ ಒಬ್ಬರನ್ನ ಕಳಿಸ್ತೀವಿ," ಎಂದಿತು ಅತ್ತಲಿನ ದನಿ.

ಒಬ್ಬರು ಬರುತ್ತಾರೆ! ಈ ಮನೆಗೆ ಯಾರಾದರೂ ಬಂದು ಎಷ್ಟು ಕಾಲವಾಗಿತ್ತು! ಸಾಹೇಬರು ಪಾದ ಮುಳುಗುವ ನೀರಲ್ಲಿ ನಿಂತೇ ಎರಡು ಲೋಟ ತೊಳೆದಿಟ್ಟರು. ಐದೇ ನಿಮಿಷಕ್ಕೆ ಅವರದೇ ಫೋನ್ ಬಡಿದುಕೊಂಡಿತು. ಆಫೀಸಿನ ಗುಮಾಸ್ತ.

"ಸಾರ್, ನಿಮ್ಮ ಬೀದೀಲೇ ಒಂದು ನೀರಿನ ಕೇಸು. ಪಾಪ, ಯಾರೋ ಒಂಟಿ ಮನುಷ್ಯ ಅಂತೆ. ಸ್ವಲ್ಪ ಬೇಗ ಹೋಗ್ತೀರಾ?"

"ಬಂದಾಗಿದೆ ಕಣಯ್ಯಾ," ಎಂದರು ಸಾಹೇಬರು ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಬಾಗಿಲು ದಬದಬ. ಟೈಲರಮ್ಮ! "ಏನ್ ಸಾರ್ ಇದು, ನಮ್ಮ ಮನೆಯೊಳಗೇ ಮಳೆ!" ಎನ್ನುತ್ತಾ ಸೀದಾ ಒಳಗೆ ನುಗ್ಗಿ, ಗ್ಯಾಸ್ ಸಿಲಿಂಡರಿನ ಹಿಂದೆ ಕೈ ಹಾಕಿ ಏನನ್ನೋ ತಿರುಗಿಸಿದರು. ನೀರು ನಿಂತಿತು.

"ನಿಮಗೆ ಹೇಗಮ್ಮ ಗೊತ್ತು?"

"ಅಕ್ಕ ಆಸ್ಪತ್ರೆಗೆ ಹೋಗೋ ಮುಂಚೆ ಕರೆದು ತೋರಿಸಿದ್ರು. 'ನಮ್ಮವರಿಗೆ ಇದೆಲ್ಲ ತಿಳಿಯಲ್ಲ, ಸ್ವಲ್ಪ ನೋಡ್ಕೊಳ್ಳಿ' ಅಂತ ಕೈ ಹಿಡ್ಕೊಂಡು ಹೇಳಿದ್ರು."

ಸಾಹೇಬರು ಬಗ್ಗಿ ಸಿಲಿಂಡರಿನ ಹಿಂದಿನ ವಾಲ್ವನ್ನು ಮುಟ್ಟಿ ನೋಡಿದರು. "ಮತ್ತೆ ಈ ಎರಡು ವರ್ಷದಲ್ಲಿ ಒಮ್ಮೆಯೂ ಮೇಲೆ ಬರಲಿಲ್ಲವಲ್ಲಮ್ಮ?"

ಟೈಲರಮ್ಮ ತೊಳೆದಿಟ್ಟ ಎರಡು ಲೋಟಗಳನ್ನು ನೋಡಿ, ಕೈ ಒರೆಸಿಕೊಳ್ಳುತ್ತಾ ಹೇಳಿದರು: "ನೀವೆಲ್ಲಿ ಕ್ಲೇಮ್ ಹಾಕಿದ್ರಿ ಸಾರ್?"