ಜಿಂಕೆಗೆ ಯಾವ ಅಲಗು?

ಬನ್ರಪ್ಪಾ, ಬಾಗಿಲಲ್ಲಿ ನಿಲ್ಲಬೇಡಿ. ಆ ಚಾಪೆ ಎಳ್ಕೊಂಡು ಗೋಡೆಗೆ ಒರಗಿ ಕೂತ್ಕೊಳ್ಳಿ. ಮಧ್ಯದಲ್ಲಿ ನೀರು ಕೊಡಜ್ಜಿ ಅಂತ ನನ್ನ ಎಬ್ಬಿಸಬೇಡಿ. ಧೈರ್ಯ ಇರೋರ ಮನೇಲಿ ಏನೂ ನಡೆಯಲ್ಲ ಕಣ್ರೋ. ನನ್ನಂಥ ಪುಕ್ಕಲಿ ಎಲ್ಲಿದ್ದಾಳೆ ಅಂತ ಹುಡುಕ್ಕೊಂಡು ಬರುತ್ತೆ ಇಂಥಾದ್ದೆಲ್ಲ. ಒಂದು ಮುಗೀತು ಅಂತ ಉಸಿರು ಬಿಡೋ ಹೊತ್ತಿಗೆ ಇನ್ನೊಂದು ಗೇಟು ತೆಗೀತಾ ಇರುತ್ತೆ.

ಪೆಟ್ಟಿಗೆ ಬಂತು

ಆಗ ನಾವು ಬನಶಂಕರಿಗೆ ಬಂದು ಸ್ವಲ್ಪ ದಿನ ಆಗಿತ್ತು. ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ನಮ್ಮದೊಂದು ಮನೆ, ಮೂಲೇಲಿ ಬ್ಯಾಂಕಿನ ರಾಯರದ್ದೊಂದು ಮನೆ, ಮಿಕ್ಕಿದ್ದೆಲ್ಲ ಖಾಲಿ ಸೈಟು, ಲಂಟಾನ ಪೊದೆ, ಹಾವು. ನಮ್ಮ ಯಜಮಾನ್ರು ಫ್ಯಾಕ್ಟರೀಲಿ ಕೆಲಸಕ್ಕಿದ್ರು. ಅಲ್ಲಿಗೆ ಬಂದಿದ್ದ ಯಾವನೋ ಬಿಳಿ ಇಂಜಿನಿಯರ್ರು ತನ್ನ ದೇಶಕ್ಕೆ ವಾಪಸ್ ಹೋಗೋವಾಗ ಇವರಿಗೆ ಒಂದು ಉದ್ದದ ಪೆಟ್ಟಿಗೆ ಕೊಟ್ಟು ಹೋದ. ಪೆನ್ನು ಕೊಡಬಾರದಿತ್ತಾ, ಟೈ ಕೊಡಬಾರದಿತ್ತಾ? ಬಿಲ್ಲು ಬಾಣ ಕೊಟ್ಟಿದ್ದ.

ಬಾಣದಲ್ಲಿ ಎರಡು ಜಾತಿ. ಒಂದರ ತುದೀಲಿ ಅಲಗು ಬಿಚ್ಚಿಕೊಂಡೇ ನಿಂತಿರುತ್ತೆ, ಅಲ್ಲಾಡಲ್ಲ. ಇನ್ನೊಂದರಲ್ಲಿ ಅಲಗು ಮೈಗೆ ಅಂಟಿಕೊಂಡು ಮಡಚಿರುತ್ತೆ, ಹೋಗಿ ತಾಗಿದಾಗ ಮಾತ್ರ ಛತ್ರಿ ಥರ ಬಿಚ್ಚಿಕೊಳ್ಳುತ್ತೆ. ಇವೆರಡೂ ಜಿಂಕೆ ಹೊಡೆಯೋದಕ್ಕಂತೆ. ಕಾಡುಪ್ರಾಣಿ ಹೊಡೆದ್ರೆ ಜೈಲು ಅಂತ ಕಾಯ್ದೆ ಬಂದಾಗಿತ್ತು. ಜೈಲಿಗೆ ಹೋದ್ರೆ ಕೆಲಸ ಹೋಯ್ತು, ಕೆಲಸ ಹೋದ್ರೆ ಎರಡು ಹೆಣ್ಣುಮಕ್ಕಳನ್ನ ಕಟ್ಕೊಂಡು ನಾನೆಲ್ಲಿಗೆ ಹೋಗಲಿ?

"ಏನೂಂದ್ರೆ, ಇದನ್ನ ಯಾವುದಾದ್ರೂ ಪಾಳು ಬಾವಿಗೆ ಹಾಕ್ಬಿಡಿ" ಅಂದೆ.

"ನಿಂಗೇನ್ ಗೊತ್ತಾಗುತ್ತೆ? ನೋಡು, ಹಿಂಗೆ ಮುಟ್ಟಿದ್ರೆ..." ಅಂತ ಮಡಚಿದ ಅಲಗನ್ನ ಹೆಬ್ಬೆರಳಲ್ಲಿ ಒತ್ತಿದ್ರು. ಟಪ್ ಅಂತ ಬಿಚ್ಚಿಕೊಳ್ತು. ಬೆರಳಲ್ಲಿ ಒಂದು ಹನಿ ರಕ್ತ, ಸಾಸಿವೆ ಕಾಳಷ್ಟು. ನಾನು ಅರಿಶಿನ ತರೋಕೆ ಅಡುಗೆಮನೆಗೆ ಓಡಿದೆ. ಬಂದು ನೋಡಿದ್ರೆ, ಜಿಂಕೆ ರಕ್ತ ಹರಿಸೋಕೆ ಹೊರಟಿದ್ದ ಮನುಷ್ಯ ತನ್ನದೇ ಹನಿ ನೋಡಿ ಮಂಚದ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ರು.

ಅತ್ತೆಯವರ ಸಂಡಿಗೆ

ಅಷ್ಟಕ್ಕೇ ಬಿಟ್ರಾ? ಮೂಲೆಮನೆ ರಾಯರಿಗೂ ಸುದ್ದಿ ಮುಟ್ತು. ದಿನಾ ಸಂಜೆ ನಮ್ಮ ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡ್ಕೊಂಡು ಇಬ್ಬರದೂ ಜಗಳ.

ಯಜಮಾನ್ರು ನನ್ನ ಈಳಿಗೆಮಣೆ ತೋರಿಸಿ, "ನೋಡಿ ರಾಯರೇ, ಅಲಗು ನಿಂತೇ ಇದೆ. ಅದಕ್ಕೇ ಕುಂಬಳಕಾಯಿ ಆದ್ರೂ ಸೀಳುತ್ತೆ. ಮಡಚೋದನ್ನ ನಂಬೋಕಾಗುತ್ತಾ? ಬಿಚ್ಚಿಕೊಳ್ಳದೇ ಹೋದ್ರೆ?" ಅನ್ನೋರು.

ರಾಯರು, "ನಮ್ಮನೇದು ಮಡಚೋ ಈಳಿಗೆ ಸ್ವಾಮಿ, ಇವತ್ತಿಗೂ ಕೈ ಕೊಟ್ಟಿಲ್ಲ. ನಿಮ್ಮ ನಿಂತ ಅಲಗಿಗೆ ಗಾಳಿ ಹಿಡಿಯುತ್ತೆ, ಗಾಳಿಪಟದ ಥರ ಎತ್ತಲೋ ಹೋಗುತ್ತೆ" ಅನ್ನೋರು.

ಒಂದು ಭಾನುವಾರ ಹಿಂದಿನ ಖಾಲಿ ಸೈಟಲ್ಲಿ ಹುಲ್ಲು ತುಂಬಿದ ಗೋಣಿಚೀಲ ನಿಲ್ಲಿಸಿ ಯಜಮಾನ್ರು ನಿಂತ ಅಲಗಿನ ಬಾಣ ಬಿಟ್ರು. ರಾಯರು ಹೇಳಿದ ಹಾಗೇ ಆಯ್ತು. ಗಾಳಿ ಹಿಡೀತು. ಬಾಣ ಗೋಣಿಚೀಲದ ಕಡೆ ತಿರುಗಿಯೂ ನೋಡದೆ, ಮೇಲಕ್ಕೆ ಹೋಗಿ, ಸುತ್ತು ಹಾಕಿ, ನಮ್ಮ ತಾರಸಿ ಮೇಲೆ ಇಳೀತು.

ತಾರಸಿ ಮೇಲೆ ನಮ್ಮ ಅತ್ತೆಯವರು ಸಂಡಿಗೆ ಕಾಯ್ತಾ ಕೂತಿದ್ರು.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ ನಂಗೆ. ಬಾಯಲ್ಲಿ ಶಿವ ಶಿವ ಅಂತಿದ್ದೆ, ಕಣ್ಣು ಬಿಡೋಕೆ ಧೈರ್ಯ ಇಲ್ಲ. ಯಜಮಾನ್ರು ಅರ್ಧ ಮೆಟ್ಟಿಲಲ್ಲೇ "ಅವ್ವಾ" ಅಂತ ಕೂತ್ಬಿಟ್ರು. ಕಣ್ಣು ಬಿಟ್ಟೆ. ಬಿಳಿ ಪಂಚೆ ಮೇಲೆ ಹರಡಿದ್ದ ಸಂಡಿಗೆ ನಡುವೆ ಬಾಣ ಬಿದ್ದಿದೆ. ಪಕ್ಕದಲ್ಲಿ ಅತ್ತೆಯವರು ಕಾಲು ನೀಡಿಕೊಂಡು ಹಾಗೇ ಕೂತಿದ್ದಾರೆ.

"ಬೆಳಗಿಂದ ಕೋಲು ಬೀಸಿ ಬೀಸಿ ತೋಳು ಬಿದ್ದು ಹೋಗಿತ್ತು ಕಣೆ" ಅಂದ್ರು. "ಈಗ ಒಂದು ಕಾಗೆ ಇಲ್ಲ. ಆ ಕಡೆಯಿಂದ ಇನ್ನೊಂದು ಬಿಡೋಕೆ ಹೇಳು."

ಆಯುಧ ಪೂಜೆ

ಹಬ್ಬ ಬಂತು. ಮನೇಲಿರೋ ಕತ್ತಿ, ಕುಡುಗೋಲು, ಈಳಿಗೆ, ಸೈಕಲ್ಲು ಎಲ್ಲಾ ತೊಳೆದು ಪೂಜೆಗಿಟ್ಟೆ. ಬಾಣಾನೂ ಇಟ್ಟೆ. ಹೆದರಿಕೆಗೆ ಉಳಿದ ಆಯುಧಗಳಿಗಿಂತ ಅದಕ್ಕೇ ಜಾಸ್ತಿ ಭಕ್ತಿ ಮಾಡಿದೆ. ಬನಶಂಕರಮ್ಮಾ, ಇದರಿಂದ ಒಂದು ಇರುವೇನೂ ಸಾಯದ ಹಾಗೆ ನೋಡ್ಕೊಳಮ್ಮಾ ಅಂತ ಬೇಡ್ಕೊಂಡು, ಎಲ್ಲರ ಎದುರಿಗೇ ಒಂದೊಂದು ಅಲಗಿಗೂ ಗಂಧ ದಪ್ಪಗೆ ಬಳಿದು ಕುಂಕುಮ ಇಟ್ಟೆ. ಪೂಜೆಗಿಟ್ಟ ಆಯುಧ ಮಾರನೇ ದಿನದವರೆಗೂ ಮುಟ್ಟೋ ಹಾಗಿಲ್ಲವಲ್ಲ, ಅಲ್ಲೇ ಒಣಗ್ತು.

ಆಮೇಲೆ ರಾಯರ ಸರದಿ. ದೃಷ್ಟಿ ತೆಗೆಯೋಕೆ ತಂದು ಮಿಕ್ಕಿದ್ದ ಬೂದುಗುಂಬಳ ಒಂದನ್ನ ಕಲ್ಲಿನ ಮೇಲಿಟ್ಟು, "ಈಗ ನೋಡಿ, ಒಳಗೆ ಹೋಗಿ ಹೆಂಗೆ ಬಿಚ್ಚಿಕೊಳ್ಳುತ್ತೆ!" ಅಂತ ಮಡಚೋ ಅಲಗಿನ ಬಾಣ ಬಿಟ್ರು. ನಾನು ಸೆರಗಿನಲ್ಲಿ ಮುಖ ಮುಚ್ಕೊಂಡಿದ್ದೆ. ಬಾಣ ನೆಟ್ಟಗೆ ಹೋಯ್ತು, ಚುಚ್ತು, ನಿಂತ್ಕೊಳ್ತು. ಬಿಚ್ಚಿಕೊಳ್ಳಲೇ ಇಲ್ಲ. ಕುಂಬಳಕಾಯಿಗೆ ಕಿವಿ ಚುಚ್ಚಿದ ಹಾಗೆ ಒಂದು ತೂತು, ಅಷ್ಟೇ.

ರಾಯರು ಬಾಣ ಕಿತ್ತು ಮೂಗಿನ ಹತ್ತಿರ ಹಿಡ್ಕೊಂಡು ನೋಡಿದ್ರು. ಕೀಲಿನ ಸಂದೀಲೆಲ್ಲ ಗಂಧ ಗಾರೆ ಥರ ಕೂತಿತ್ತು.

"ಅಕ್ಕಾವ್ರೇ, ಇದರೊಳಗೂ ಬಳಿದ್ರಾ?"

"ಆಯುಧ ಅಂದ್ಮೇಲೆ ಬಿಡೋಕಾಗುತ್ತಾ ರಾಯರೇ? ನಿಮ್ಮ ಸ್ಕೂಟರ್ ಇಲ್ಲೇ ನಿಂತಿತ್ತಲ್ಲ, ಅದಕ್ಕೂ ಬಳಿದೆ. ಒಂದು ತೂತೂ ಬಿಟ್ಟಿಲ್ಲ."

ಅವತ್ತಿನಿಂದ ಒಂದು ವಾರ ರಾಯರು ಬ್ಯಾಂಕಿಗೆ ಬಸ್ಸಲ್ಲಿ ಹೋದ್ರು.

ಗೊಟ್ಟಿಗೆರೆ ಆಚೆ

ಜಗಳ ತೀರಲಿಲ್ಲ. ಜಿಂಕೆ ಮೇಲೇ ತೀರ್ಮಾನ ಆಗಲಿ ಅಂದ್ರು. ಬಿಲ್ಲನ್ನ ಚಾಪೇಲಿ ಸುತ್ತಿದ್ರು. ಎಷ್ಟು ಅತ್ತರೂ ಕೇಳಲಿಲ್ಲ. ಮಕ್ಕಳನ್ನ ಅತ್ತೆಯವರ ಹತ್ತಿರ ಬಿಟ್ಟು, "ಹಾಗಾದ್ರೆ ನಾನೂ ಬರ್ತೀನಿ, ಜೈಲಾದ್ರೆ ಇಬ್ಬರಿಗೂ ಆಗಲಿ" ಅಂತ ಚಿತ್ರಾನ್ನದ ಡಬ್ಬಿ ಹಿಡ್ಕೊಂಡು ಹೊರಟೆ. ಬೆಳಿಗ್ಗೆ ಬಸ್ಸಲ್ಲಿ ಗೊಟ್ಟಿಗೆರೆ ದಾಟಿ, ಇಳಿದು, ನಡೆದು, ಕಾಡಿನ ಅಂಚಿಗೆ ಬಂದ್ವಿ. ಎಲೆ ಸದ್ದಾದ್ರೂ ನನಗೆ ಜೀವ ಬಾಯಿಗೆ ಬರೋದು. ಆನೆ ಬಂದ್ರೇನು, ಗಾರ್ಡ್ ಬಂದ್ರೇನು? ಆನೆ ಬಂದ್ರೇ ವಾಸಿ ಅನ್ನಿಸ್ತು, ಅದು ಕೆಲಸದಿಂದ ತೆಗೆಯಲ್ಲ.

ಆಗ ಬಂತು ಜಿಂಕೆ. ಮೈ ತುಂಬಾ ಚುಕ್ಕೆ, ಅಷ್ಟಗಲ ಕಣ್ಣು. ನಮ್ಮನ್ನೇ ನೋಡ್ತಾ ನಿಂತ್ಕೊಳ್ತು.

"ನಿಂತ ಅಲಗು ಕೊಡಿ" ಅಂದ್ರು ಯಜಮಾನ್ರು, ಪಿಸುಮಾತಲ್ಲಿ.

"ಗಾಳಿ ಇದೆ ಸ್ವಾಮಿ, ಮಡಚೋದೇ ಸರಿ."

"ಬಿಚ್ಚಿಕೊಳ್ಳದಿದ್ರೆ? ಗಾಯ ಮಾಡಿ ಬಿಡೋದಾ? ಪಾಪ ಅಲ್ವಾ?"

"ನಿಮ್ಮದು ತಾಗೋದೇ ಇಲ್ಲ, ಪಾಪ ಎಲ್ಲಿಂದ ಬರುತ್ತೆ?"

ಹಿಂಗೇ ನಡೀತಾ ಇತ್ತು. ತಡೆಯೋಕಾಗದೆ ನಾನೂ ಪಿಸುಗುಟ್ಟಿದೆ: "ಏನೂಂದ್ರೆ, ಬಿದ್ಮೇಲೆ ಅದನ್ನ ಕುಯ್ಯೋರು ಯಾರು? ತಿನ್ನೋರು ಯಾರು?"

ಇಬ್ಬರೂ ನನ್ನ ಕಡೆ ತಿರುಗಿದ್ರು. ನಮ್ಮದು ಲಿಂಗ ಕಟ್ಟಿದ ಮನೆ. ರಾಯರ ಮನೇಲಿ ಈರುಳ್ಳಿಗೂ ಪ್ರವೇಶ ಇಲ್ಲ. ತಿಂಗಳುಗಟ್ಟಲೆ ಅಲಗಿನ ಜಗಳ ಆಡಿದ ಈ ಇಬ್ಬರಿಗೂ ಅದೊಂದು ಹೊಳೆದೇ ಇರಲಿಲ್ಲ. ತಿರುಗಿ ನೋಡಿದ್ರೆ ಜಿಂಕೆ ಇಲ್ಲ. ಅದು ನಿಂತಿದ್ದ ಪೊದೆ ಪಕ್ಕದಿಂದ ಖಾಕಿ ಹಾಕಿದ ಫಾರೆಸ್ಟ್ ಗಾರ್ಡ್ ಎದ್ದು ಬಂದ.

ಡಬ್ಬಿ ನನ್ನ ಕೈಯಿಂದ ಬಿತ್ತು. ಯಜಮಾನ್ರು ಬಿಲ್ಲು ಹಿಡ್ಕೊಂಡೇ ಕೈ ಮುಗಿದ್ರು.

"ಬಾಣ ಬಿಟ್ಟ ತಕ್ಷಣ ಹಿಡಿಯೋಣ ಅಂತ ಆವಾಗಿಂದ ಕೂತಿದೀನಿ" ಅಂದ ಗಾರ್ಡ್, ಬೆವರು ಒರೆಸ್ಕೊಂಡು. "ನಿಮ್ಮ ಮಾತು ಮುಗಿಯಲ್ಲ, ನನಗೆ ಇರುವೆ ಹತ್ತುತಾ ಇದೆ. ಕೊಡಿ ಇಲ್ಲಿ."

ಎಲ್ಲಾ ಕಿತ್ಕೊಂಡ. ನಾನು ಕಾಲಿಗೆ ಬಿದ್ದೆ, ಮಕ್ಕಳಾಣೆ ಇಟ್ಟೆ. ಬಯ್ದು ಬಯ್ದು ರಸ್ತೆವರೆಗೂ ತಂದು ಬಿಟ್ಟ. ಬಸ್ಸು ಹತ್ತೋವಾಗ ರಾಯರು ಮೆಲ್ಲಗೆ ಕೇಳಿಯೇ ಬಿಟ್ರು: "ದಿನಾ ಕಾಡಲ್ಲಿರೋರು ನೀವು, ನೀವೇ ಹೇಳಿ. ಮಡಚೋದು ಮೇಲಾ, ನಿಂತದ್ದು ಮೇಲಾ?"

"ಯಾವುದಾದ್ರೂ ಹಾಕಿ ಸಾರ್" ಅಂದ ಗಾರ್ಡ್. "ಒಳಗೆ ಹೋದ್ಮೇಲೆ ಎರಡಕ್ಕೂ ಅದೇ ಮುದ್ದೆ."

ಅತ್ತೆಯವರು ಆಮೇಲೆ ಬಹಳ ವರ್ಷ ಗಟ್ಟಿಮುಟ್ಟಾಗಿದ್ದು, ಮೊಮ್ಮಗಳ ಮದುವೆ ಊಟ ಉಂಡು, ಮಲಗಿದ್ದ ಹಾಗೇ ಹೋದ್ರು. ರಾಯರು ಮಗಳ ಹತ್ತಿರ ಮೈಸೂರಿಗೆ ಹೋಗಿ, ಅಲ್ಲಿ ಗುಲಾಬಿ ಗಿಡಕ್ಕೆ ಯಾವ ಗೊಬ್ಬರ ಅಂತ ಪಕ್ಕದವರ ಜೊತೆ ಜಗಳ ಶುರು ಮಾಡ್ಕೊಂಡ್ರಂತೆ. ಆ ಗಾರ್ಡ್ ಬಡ್ತಿ ಸಿಕ್ಕಿ ಬೇರೆ ಕಡೆ ಹೋದ ಅಂತ ಕೇಳಿದೆ, ಅವನ ಹೊಟ್ಟೆ ತಣ್ಣಗಿರಲಿ. ನಮ್ಮ ಯಜಮಾನ್ರು ಮರ್ಯಾದೆಯಾಗಿ ರಿಟೈರಾಗಿ, ಹಾರ ಹಾಕಿಸ್ಕೊಂಡು ಬಂದ್ರು. ಅವರು ಹೋಗಿಯೂ ಕಾಲ ಆಯ್ತು. ನನ್ನ ಹೆದರಿಕೆ ಮಾತ್ರ ಎಲ್ಲೂ ಹೋಗಿಲ್ಲ. ಇವತ್ತಿಗೂ ಖಾಕಿ ಹಾಕಿದ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ನಿಂತ್ರೂ ಸಾಕು, ಒಳಗಿಂದಲೇ ಕೂಗಿಬಿಡ್ತೀನಿ, "ಯಜಮಾನ್ರು ಮನೇಲಿಲ್ಲ, ಎಲ್ಲಿಗೆ ಹೋದ್ರೋ ನಂಗೊತ್ತಿಲ್ಲ!"