ಮಾಡು ಹತ್ತಿ ಕಲಿತ ವಿಮೆ

ಅರ್ಥವಾಗದ ಕಾಗದಕ್ಕೆ ರುಜು ಹಾಕುವ ಪೈಕಿ ನಾನಲ್ಲ. ಮಡಿಕೇರಿಯ ಸರ್ಕಾರಿ ಕಚೇರಿಯಲ್ಲಿ ಕಡತಗಳನ್ನು ಅರೆದು ಕುಡಿದವನಿಗೆ ಮನೆ ವಿಮೆ ಯಾವ ಮಹಾ ವಿದ್ಯೆ! ಅದರ ಒಳಹೊರಗು ಪೂರ್ತಿ ತಿಳಿದ ಮೇಲೆಯೇ ಹಣ ಕಟ್ಟುವುದೆಂದು ಘೋಷಿಸಿಬಿಟ್ಟೆ.

ಹೆಂಡತಿ ನೀಲಾವತಿಗೆ ಅಷ್ಟು ತಾಳ್ಮೆಯಿರಲಿಲ್ಲ. "ಮಳೆ ಹಿಡಿಯೋ ಮುಂಚೆ ಮಾಡ್ಸಿ ಅಂದ್ರೆ ಮಾಡ್ಸಿ. ಹೋದ ವರ್ಷ ಮನೆ ಹಿಂದಿನ ಗುಡ್ಡದ ಬರೆ ಜರಿದಾಗಿನಿಂದ ಜೋರು ಮಳೆ ಅಂದ್ರೆ ನಂಗೆ ನಿದ್ದೆ ಬರಲ್ಲ," ಎಂದಳು. ಅವಳ ಭಯ ಸುಳ್ಳಲ್ಲ. ಗುಡ್ಡದ ಮಣ್ಣು ಅಂದು ನಮ್ಮ ಬಚ್ಚಲಿನ ಗೋಡೆಯ ಹತ್ತಿರಕ್ಕೇ ಬಂದು ನಿಂತಿತ್ತು.

ಧೈರ್ಯ ತುಂಬಲು ಪಾಠ ಶುರುಮಾಡಿದೆ. "ನೋಡು, ಕಟ್ಟಡದ ವಿಮೆ ಅಂದ್ರೆ ಗೋಡೆ, ಹೆಂಚಿನ ಮಾಡು. ಸಾಮಾನಿನ ವಿಮೆ ಅಂದ್ರೆ ಟಿ.ವಿ., ಮಿಕ್ಸಿ. ಇನ್ನೊಂದಿದೆ, ನಮ್ಮಿಂದ ಬೇರೆಯವರಿಗೆ ನಷ್ಟ ಆದ್ರೆ ಕಂಪನಿ ಕೊಡೋದು. ಅದು ನಮಗೆ ಬೇಡ. ನಾವು ಯಾರ ತಂಟೆಗೂ ಹೋಗೋರಲ್ಲ."

"ಕೆಳಗೆ ಮಾಯಿಲಪ್ಪನವರ ಮನೆ ಇದೆ," ಎಂದಳು.

ಊರೇ ಇಳಿಜಾರು. ನಮ್ಮ ಚಿಕ್ಕ ಅಂಗಳ ಮುಗಿಯುವಲ್ಲಿ ಅವರ ಮನೆಯ ಮಾಡು ಶುರು. ಆದರೂ ಅವಳ ಮಾತನ್ನು ತಳ್ಳಿಹಾಕಿದೆ.

ಭಾನುವಾರ ಏಜೆಂಟ್ ಲೋಕೇಶ್ ಬಂದು ಮನೆಯ ಫೋಟೊ ಬೇಕೆಂದ. ಎದುರಿನಿಂದ ಒಂದು ತೆಗೆದಿದ್ದರೆ ಸಾಕಿತ್ತು. ಮಾಡಿನದೂ ಇರಲಿ ಎಂದು ನಾನೇ ಏಣಿ ಇಟ್ಟು ಹೆಂಚಿನ ಮೇಲೆ ಹತ್ತಿದೆ. ಮೊಬೈಲ್ ಎತ್ತಿ ಚೂರು ಹಿಂದಕ್ಕೆ ಸರಿದೆ, ಅಷ್ಟೇ. ಹೆಂಚು ಒಡೆದು, ಕೊಳೆತ ಮರದ ಪಟ್ಟಿ ಮುರಿದು, ಸೊಂಟದವರೆಗೆ ಒಳಗಿಳಿದೆ. ನನ್ನ ಮೇಲರ್ಧ ಮಡಿಕೇರಿಯ ಸೌಂದರ್ಯ ಸವಿಯುತ್ತಿತ್ತು, ಕೆಳಗರ್ಧ ಅಡುಗೆಮನೆಯಲ್ಲಿ ನೇತಾಡುತ್ತಿತ್ತು.

ಒಳಗಿನಿಂದ ನೀಲಾವತಿಯ ದನಿ: "ರೀ, ಹೆಂಚು ಬಿದ್ದು ಮಿಕ್ಸಿ ಪುಡಿಯಾಯ್ತು. ಇದು ಸಾಮಾನಿನ ವಿಮೆ ಅಲ್ವಾ?"

"ಹೌದು. ಮೊದ್ಲು ಕಾಲು ಹಿಡ್ಕೊ."

"ಈ ಕಾಲು ಯಾವುದ್ರಲ್ಲಿ ಬರುತ್ತೆ? ಕಟ್ಟಡದಲ್ಲೋ, ಸಾಮಾನಿನಲ್ಲೋ?"

ಉತ್ತರಿಸುವಷ್ಟರಲ್ಲಿ ಸಡಿಲವಾಗಿದ್ದ ಇನ್ನೊಂದು ಹೆಂಚು ಸರಸರನೆ ಜಾರಿ, ಅಂಗಳ ದಾಟಿ, ಮಾಯಿಲಪ್ಪನವರ ಮಾಡಿನ ಶೀಟಿನ ಮೇಲೆ ಧಡಾರನೆ ಬಿತ್ತು. ಅವರು ಹೊರಗೆ ಬಂದು ಕತ್ತೆತ್ತಿದರು. "ಸಾರ್, ನಮ್ಮ ಶೀಟು ಒಡೀತಲ್ಲ. ಅಲ್ಲೇನು ಮಾಡ್ತಾ ಇದ್ದೀರಿ?"

"ವಿಮೆ ಮಾಡಿಸ್ತಾ ಇದ್ದೀನಿ," ಎಂದೆ.

ಲೋಕೇಶ್ ಮೇಲೆ ಹತ್ತಿ ನನ್ನನ್ನು ಎಳೆದು ತೆಗೆದ. "ಇದಕ್ಕೆಲ್ಲ ದುಡ್ಡು ಸಿಗುತ್ತಾ?" ಎಂದು ಆಸೆಯಿಂದ ಕೇಳಿದೆ.

"ಪಾಲಿಸಿ ಶುರುವೇ ಆಗಿಲ್ಲವಲ್ಲ ಸಾರ್."

ಮಾಯಿಲಪ್ಪನವರು ದೊಡ್ಡ ಮನಸ್ಸಿನವರು. ಶೀಟಿನ ಮಾತು ಆಮೇಲೆ ನೋಡೋಣ ಎಂದು, ತಾವೇ ಬಂದು ನಮ್ಮ ಹೆಂಚು ಹೊದಿಸಲು ಕೈಹಾಕಿದರು. ಮಳೆ ಹಿಡಿಯುವ ಮೊದಲೇ ಲೋಕೇಶ್ ಮತ್ತೆ ಬಂದ. ಈ ಸಲ ಮೂರು ಬಗೆಯದೂ ಇರಲಿ, ಕೆಳಮನೆಯವರ ನಷ್ಟದ್ದಂತೂ ಬೇಕೇ ಬೇಕು ಎಂದು ನಾನೇ ಹೇಳಿದೆ. ಎಷ್ಟೋ ತಿಂಗಳ ಮೇಲೆ ನೀಲಾವತಿಯ ಮುಖ ಹಗುರಾಗಿತ್ತು. ಅದನ್ನು ನೋಡಿ ನನಗೂ ಖುಷಿಯಾಯಿತು.

ಲೋಕೇಶ್ ಕೊನೆಯ ಪ್ರಶ್ನೆ ಕೇಳಿದ: "ಮನೇಲಿ ಅಪಾಯ ತರೋ ಅಂಥದ್ದು ಏನಾದ್ರೂ ಇದೆಯಾ ಮೇಡಂ?"

ಅವಳು ನನ್ನ ಕಡೆ ನೋಡಿದಳು. "ಒಬ್ರಿದ್ದಾರೆ. ಏಣಿ ಕೊಡದಿದ್ರೆ ಏನೂ ಮಾಡಲ್ಲ, ಬರ್ಕೊಳ್ಳಿ."