ಮಂಗಮ್ಮನ ಎಡಗಾಲಿನ ತಪಾಸಣೆ

ಇಪ್ಪತ್ತೊಂಬತ್ತು ವರ್ಷ ಹೊಸೂರಿನ ಕಾರ್ಖಾನೆಯೊಂದರಲ್ಲಿ ತಪಾಸಣೆ ಮಾಡಿ ರಿಟೈರಾದವನು ನಾನು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕೆಂಪು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ರಿಜೆಕ್ಟ್. ನನ್ನ ಹೆಜ್ಜೆ ಸಪ್ಪಳಕ್ಕೇ ಸಡಿಲ ಸ್ಕ್ರೂಗಳು ತಾವಾಗಿ ಬಿಗಿದುಕೊಳ್ಳುತ್ತಿದ್ದವು (ಸಾಕ್ಷಿಗಳೆಲ್ಲ ಈಗ ತೀರಿಹೋಗಿದ್ದಾರೆ). ಅಂಥವನ ಮನೆಗೇ 2006ರಲ್ಲಿ ಕಳಪೆ ಮಾಲು ಬಂತು.

ನನ್ನಾಕೆ ಮಂಗಮ್ಮನ ಎಡಗಾಲಿನ ರಕ್ತನಾಳಗಳು ಉದ್ದನಪಲ್ಲಿ ರಸ್ತೆಯಂತೆ ಉಬ್ಬುತಗ್ಗಾಗಿ, ಪಾದದ ಗಿಣ್ಣಿನ ಬಳಿ ಹುಣ್ಣಾಗಿತ್ತು. ಗಿಣ್ಣಿನ ಮೇಲೆ ಬಿ.ಪಿ. ಲೆಕ್ಕದ ಮೂವತ್ತು ಮಿಲಿಮೀಟರ್ ಒತ್ತಡ ಬೀಳುವ ಬಿಗಿ ಕಾಲುಚೀಲ ಹಾಕಿಸಿ, ಎರಡು ತಿಂಗಳಲ್ಲಿ ಮಾಯದಿದ್ದರೆ ಆಪರೇಷನ್ ಎಂದರು ಡಾಕ್ಟರು. ಸಾನಮಾವು ಕಾಡಿನ ಆನೆಗೂ ಹೆದರದ ಮಂಗಮ್ಮ ಆ ಮಾತಿಗೆ ಬೆವರಿದಳು. ಕಾಲು ಉಳಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟೆ.

ದಿನವಿಡೀ ನಿಂತು ಒಬ್ಬಟ್ಟು ಬೇಯಿಸಿದವಳನ್ನು ಸಾಯಂಕಾಲ ಕೂರಿಸಿ, ಚೀಲದ ಸೈಜಿಗೆಂದು ಕಾಲಿಗೆ ಟೇಪು ಹಿಡಿದೆ.

"ಬೆಳಿಗ್ಗೆ ಏಳ್ತಿದ್ದಂಗೇ ಅಳೀಬೇಕು ಅಂತ ಡಾಕ್ಟ್ರು ಯೋಳವ್ರೆ ಕಣ್ರೀ."

"ಬೆಳಿಗ್ಗೆ ಒಂದು ಕಾಲು, ಸಾಯಂಕಾಲ ಒಂದು ಕಾಲಾ? ಅದೇನು ಷಿಫ್ಟಿಗೆ ಹೋಗ್ತದಾ?"

ಮೆಡಿಕಲ್ ಶಾಪಿನ ಯತಿರಾಜ್ ನಾನು ಅಳತೆ ಬರೆದಿದ್ದ ಚೀಟಿ ನೋಡಿ ಚೀಲ ಕೊಟ್ಟ. ಇಬ್ಬರು ಸೇರಿ ಎಳೆದರೂ ಹತ್ತುವುದು ಕಷ್ಟ ಎಂದಿದ್ದ. ಅದೋ ಪೈಜಾಮದಂತೆ ಹತ್ತಿತು. ನನಗೆ ಗುಮಾನಿ. ನರ್ಸ್ ಕೊಂಡಮ್ಮನ ಬಿ.ಪಿ. ಮೆಷಿನ್ನು ತಂದು, ಎಳೆಮಕ್ಕಳ ತೋಳಿಗೆ ಕಟ್ಟುವ ಪಟ್ಟಿಯನ್ನು ಚೀಲದೊಳಗೆ ತೂರಿಸಿ, ಚೂರು ಗಾಳಿ ತುಂಬಿ ಮುಳ್ಳು ನೋಡಿದೆ. ಹದಿನೈದು. ಮಂಗಮ್ಮ ಗೋಡೆ ಹಿಡಿದು ಕೊಕ್ಕರೆಯಂತೆ ನಿಂತೇ ಇದ್ದಳು. ಹನ್ನೊಂದು ಸಲ ಅಳೆದೆ. ಹದಿನೈದೇ. ಡಬ್ಬಿಯ ಮೇಲೆ ಕೆಂಪು ಅಡ್ಡಗೆರೆ ಬಿತ್ತು.

ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ನಾವಿಬ್ಬರೂ ಹಾಜರ್. ಮೂವತ್ತೆಂದು ಬರೆದು ಹದಿನೈದು ಕೊಡುವ ಮಹಾವಂಚನೆಯನ್ನು ನಾನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಖಂಡಿಸಿದೆ. ಬೀದಿಯವರೆಲ್ಲ ನೆರೆದರು. ಯತಿರಾಜ್ ಮಂಗಮ್ಮನ ಗಿಣ್ಣಿಗೆ ಟೇಪು ಸುತ್ತಿ, ನನ್ನ ಚೀಟಿಯ ಪಕ್ಕ ಹಿಡಿದ. ಎರಡು ಸೈಜು ವ್ಯತ್ಯಾಸ.

"ಸಾರ್, ನೀವು ಅಳೆದಿದ್ದು ಯಾವೊತ್ತಲ್ಲಿ?"

ನಾನು ಅವನ ಟೇಪಿನ ಅಂಕಿಗಳನ್ನೇ ತಪಾಸಣೆ ಮಾಡತೊಡಗಿದೆ. ಮಂಗಮ್ಮನೇ ಹೇಳಿದಳು: "ಸಾಯಂಕಾಲ, ಕಾಲು ಊದ್ಕಂಡಿದ್ದಾಗ. ಚೀಲ ಪಾಸು ಕಣಪ್ಪ. ಇನ್‌ಸ್ಪೆಕ್ಟ್ರೇ ರಿಜೆಕ್ಟು."

ಸರಿಯಾದ ಚೀಲ ಬಂತು, ನಾವಿಬ್ಬರೂ ಸೇರಿ ಎಳೆದರೇ ಹತ್ತಿತು. ಮುಳ್ಳು ಮೂವತ್ತಕ್ಕೆ ನಿಂತಿತು. ಆರು ವಾರದಲ್ಲಿ ಹುಣ್ಣೂ ಮಾಯಿತು. ಆದರೆ ಚೀಲವನ್ನು ಅವಳು ಹಾಸಿಗೆ ಬಿಟ್ಟು ಇಳಿಯುವ ಮೊದಲೇ ಏರಿಸಬೇಕಂತೆ, ದಿನಾ, ಮುಂದೆಯೂ. ಈಗ ಬೆಳಿಗ್ಗೆ ಐದೂವರೆಗೆ ಮಂಗಮ್ಮ ನನ್ನ ಹೊದಿಕೆ ಎಳೆಯುತ್ತಾಳೆ.

"ಏಳ್ರೀ, ಕಾಲು ಷಿಫ್ಟಿಗೆ ಹೋಗ್ಬೇಕು."

ತಡವಾದ ದಿನ ಕ್ಯಾಲೆಂಡರಿನ ಮೇಲೆ ಕೆಂಪು ಅಡ್ಡಗೆರೆ. ಸೀಮೆಸುಣ್ಣ ಈಗ ಅವಳ ದಿಂಬಿನಡಿಯಲ್ಲಿರುತ್ತದೆ.